ಬಾಬಿನ್‌ನ ಪ್ಯಾಂಟು

ನಾಯಿಗೆ ಪ್ಯಾಂಟು ಹೊಲಿದವರು ಅಂತ ನಮ್ಮ ಅಂಗಡಿಯನ್ನು ಜನ ಇವತ್ತಿಗೂ ಬೆರಳು ಮಾಡಿ ತೋರಿಸುತ್ತಾರೆ. ತೋರಿಸಲಿ. ಹೊಲಿದದ್ದು ನಿಜ. ಆದರೆ ಯಾಕೆ ಹೊಲಿದೆವು, ಹೊಲಿದು ಎಂಥ ಎಡವಟ್ಟು ಮಾಡಿಕೊಂಡೆವು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಬಣ್ಣ ಹಚ್ಚಿ ಹೇಳುತ್ತಿದ್ದಾರೆ. ಆ ಎಡವಟ್ಟಿನಲ್ಲಿ ಅರ್ಧ ಪಾಲು ನನ್ನದೂ ಇರುವುದರಿಂದ ನಾನೇ ಹೇಳಿಬಿಡುವುದು ಒಳ್ಳೆಯದು.

ನಮ್ಮವರು ಟೈಲರ್. ಕೋಟು, ಪ್ಯಾಂಟು ಬಿಟ್ಟು ಬೇರೆ ಮುಟ್ಟುವವರಲ್ಲ. ಅಂಗಡಿ ಎಂದರೆ ಮನೆಗೆ ಅಂಟಿಕೊಂಡ ಒಂದೇ ಕೋಣೆ. ಬಾಗಿಲ ಬಳಿ ನನ್ನ ಕೌಂಟರು, ನಡುವೆ ಬಟ್ಟೆ ಕತ್ತರಿಸುವ ಮೇಜು, ಹಿಂಬದಿಯ ಕಿಟಕಿಗೆ ಮುಖ ಮಾಡಿ ಅವರ ಕಾಲಿನ ಮೆಷಿನು. ಅವರು ಹೊಲಿಯುತ್ತಾರೆ. ನಾನು ಗುಂಡಿ ತೂರುವ ಕಾಜಾ ಮಾಡಿ, ಗುಂಡಿ ಹಚ್ಚಿ, ಸೊಂಟಪಟ್ಟಿಯ ಒಳಗೆ ಅಂಗಡಿಯ ಲೇಬಲ್ಲು ಹಾಕಿ ಮಡಿಸಿಡುತ್ತೇನೆ. ಮೂವತ್ತೊಂದು ವರ್ಷದಿಂದ ನನಗೆ ಅವರ ಬೆನ್ನು ಕಾಣುತ್ತದೆ, ಅವರಿಗೆ ಕಿಟಕಿ ಕಾಣುತ್ತದೆ. ಹೊಲಿದದ್ದು ಮುಗಿದರೆ ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ "ಕಾಜಾ" ಅನ್ನುತ್ತಾರೆ. ನಾನು "ಹೂಂ" ಅಂತ ಎದ್ದು ಹೋಗಿ ತೆಗೆದುಕೊಳ್ಳುತ್ತೇನೆ. ದಿನಕ್ಕೆ ಏಳೆಂಟು ಸಲ ಇಷ್ಟೇ ಸಂಭಾಷಣೆ. ಬೀದಿಯವರು ಅವರಿಗೆ ಮೌನಿ ಮಾಸ್ತರು ಅಂತ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಜಗಳವೂ ಇಲ್ಲ, ಜಗಳಕ್ಕೂ ನಾಲ್ಕು ಮಾತು ಬೇಕಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಹೊರಗಿಟ್ಟಿದ್ದ ಚೂರುಬಟ್ಟೆಯ ಚೀಲದಲ್ಲಿ ಒಂದು ನಾಯಿಮರಿ ಸುರುಳಿ ಸುತ್ತಿಕೊಂಡು ಮಲಗಿತ್ತು. ನಮ್ಮವರು ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು "ದಾರ ಸುತ್ತಿದ ಬಾಬಿನ್ ಇದ್ದಂಗಿದೆ" ಅಂದರು. ಹೆಸರು ಅದೇ ಆಯಿತು. ಬಾಬಿನ್ ಚೂರುಬಟ್ಟೆಯ ಮೇಲೆ ಮಲಗಿ, ಗುಂಡಿಗಳನ್ನು ಆಟದ ಸಾಮಾನು ಮಾಡಿಕೊಂಡು ಬೆಳೆದ. ದಾರಕ್ಕೆ ಪೋಣಿಸಿದ ಗುಂಡಿ ತೂಗಿಬಿಟ್ಟರೆ ಹಲ್ಲಲ್ಲಿ ಹಿಡಿದು ಎಳೆಯುವುದು ಅವನು ಕಲಿತ ಮೊದಲ ವಿದ್ಯೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವನು ಬಂದ ಮೇಲೆ ಒಂದು ಆಶ್ಚರ್ಯ ನಡೆಯಿತು. ನಮ್ಮವರು ಮಾತಾಡತೊಡಗಿದರು. ನನ್ನ ಹತ್ತಿರ ಅಲ್ಲ, ಅವನ ಹತ್ತಿರ. ಮೆಷಿನು ನಡೆಯುವಾಗ ಬಾಬಿನ್ ಪೆಡಲಿನ ಪಕ್ಕ ಗದ್ದ ಊರಿ ಮಲಗಿರುತ್ತಿದ್ದ. ಮೆಷಿನು ನಿಂತ ಕೂಡಲೇ ಬಾಲವನ್ನು ನೆಲಕ್ಕೆ ಟಪ್ ಅಂತ ಒಮ್ಮೆ ಬಡಿಯುತ್ತಿದ್ದ, ಮುಂದೇನು ಅಂತ ಕೇಳಿದ ಹಾಗೆ. ಇವರು ಬಗ್ಗಿ, ಯಾವ ಗಿರಾಕಿಯ ಹೊಟ್ಟೆ ಎಷ್ಟು ಮುಂದಕ್ಕೆ ಬಂದಿದೆ, ಯಾರು ಹಳೇ ಅಳತೆಗೇ ಹೊಲಿಯಿರಿ ಅಂತ ಹಟ ಹಿಡಿದಿದ್ದಾರೆ, ಎಲ್ಲ ವರದಿ ಒಪ್ಪಿಸುತ್ತಿದ್ದರು. ಮತ್ತೆ ಟಪ್. ಕೌಂಟರಿನಲ್ಲಿ ಕುಳಿತ ನನಗೆ ಪಿಸುಪಿಸು ಮಾತ್ರ ಕೇಳುತ್ತಿತ್ತು. ಆದರೂ ಮನೆ ತುಂಬಿದಂತೆ ಅನ್ನಿಸುತ್ತಿತ್ತು. ಬಾಬಿನ್ ಮೇಲೆ ನನಗೂ ಪ್ರಾಣ.

ಎಲ್ಲ ಚೆನ್ನಾಗಿತ್ತು, ಎದುರು ಬೇಕರಿಯ ರಸ್ಕ್ ದೊಡ್ಡವಳಾಗುವ ತನಕ.

ರಸ್ಕ್ ಎಂದರೆ ಬೇಕರಿಯಾಕೆಯ ಹೆಣ್ಣುನಾಯಿ, ಕಂದು ಬಣ್ಣ, ತುಂಬಾ ಒಯ್ಯಾರ. ಬೇಕರಿಗೂ ನಮಗೂ ನಡುವೆ ಬಸ್ಸು ಲಾರಿ ಎಡೆಬಿಡದೆ ಓಡಾಡುವ ದೊಡ್ಡ ರಸ್ತೆ. ರಸ್ಕ್ ಬೆದೆಗೆ ಬಂದಳೆಂದರೆ ನಮ್ಮ ಬಾಬಿನ್‌ಗೆ ಊಟ ಬೇಡ, ಗುಂಡಿ ಬೇಡ, ಮೆಷಿನಿನ ಸದ್ದೂ ಬೇಡ. ಬಾಗಿಲು ಒಂದು ಗೇಣು ಸರಿದರೆ ಸಾಕು, ಕಾಲಿಗೆ ಬುದ್ಧಿ ಹೇಳುತ್ತಿದ್ದ. ಮೊದಲ ಸಲ ಮೈಗೆ ಗ್ರೀಸು ಮೆತ್ತಿಕೊಂಡು ಬಂದ. ಎರಡನೇ ಸಲ ಕುಂಟುತ್ತ ಬಂದ. ನನ್ನ ಜೀವ ಬಾಯಿಗೆ ಬಂತು. ಎತ್ತಿಕೊಂಡು ನಾಯಿ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಮ್ಮ ಗಿರಾಕಿಯೇ. ಅವಳ ಬಿಳಿ ಕೋಟುಗಳೆಲ್ಲ ನಮ್ಮವರ ಕೈಯವು. ಕಾಲು ಒತ್ತಿ ನೋಡಿ ಅಂದಳು:

"ಮೂಳೆಗೆ ಏನೂ ಆಗಿಲ್ಲ. ಆದ್ರೆ ಮಾಸ್ತರೇ, ಪ್ರತಿ ಸಲ ಹೀಗೇ ಬಚಾವಾಗ್ತಾನೆ ಅಂದ್ಕೋಬೇಡಿ. ಸಣ್ಣ ಆಪರೇಷನ್ ಮಾಡಿಬಿಡೋಣ. ಹೆಣ್ಣಿನ ಹಿಂದೆ ಓಡೋದು ಕಡಿಮೆ ಆಗುತ್ತೆ."

ನಮ್ಮವರು ಬಾಬಿನ್‌ನ ಕಿವಿ ಮುಚ್ಚಿದರು. ನಿಜವಾಗಿಯೂ ಎರಡೂ ಕೈಯಿಂದ ಮುಚ್ಚಿದರು.

"ಯೋಚನೆ ಮಾಡ್ತೀವಿ" ಅಂದರು.

ಯೋಚನೆ ಮಾಡುವುದಕ್ಕೆ ಏನಿದೆ ಅಂತ ನಾನು ದಾರಿಯುದ್ದಕ್ಕೂ ಕೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದರೆ ನಮ್ಮತ್ತೆ, ಎಂಬತ್ತೆರಡು ವರ್ಷ, ಕುರ್ಚಿಯಲ್ಲಿ ಕಾದು ಕುಳಿತಿದ್ದರು. ವಿಷಯ ಹೇಳಿದೆ. ಅವರು ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ನಿಂಗೂ ಆ ವಯಸ್ಸಲ್ಲಿ ಕಾಲು ಒಂದು ಕಡೆ ನಿಲ್ತಿರ್ಲಿಲ್ಲ ಕಣೋ. ಮದುವೆ ಮಾಡಿದ್ವಿ. ಅಲ್ಲಿಗೆ ನಿಂತುಹೋಯ್ತು."

"ಅಮ್ಮ, ಅದೂ ಇದೂ ಒಂದೇನಾ?"

"ಫಲ ಒಂದೇ."

ನಾನು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಓಡಿದೆ.

ಆದರೆ ನಮ್ಮವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಅವನನ್ನ ಕೇಳಿದೀವಾ?" ಅನ್ನುವುದೊಂದೇ ಅವರ ವಾದ. ಕೇಳಿ, ನಿಮಗೆ ತಾನೇ ಅವನ ಭಾಷೆ ಬರುವುದು ಅಂತ ನಾನು ರೇಗಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಅವರು "ಒಂದು ವಾರ ಟೈಮ್ ಕೊಡು. ಬೇರೆ ದಾರಿ ಇದೆ" ಅಂದರು.

ಮರುದಿನ ನೋಡಿದರೆ ಬಾಬಿನ್‌ನನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಟೇಪು ಹಿಡಿದಿದ್ದಾರೆ. ಸೊಂಟ ಇಪ್ಪತ್ತೆರಡು, ಉದ್ದ ಹದಿನಾಲ್ಕು, ತೊಡೆ ಒಂಬತ್ತು. ಬಾಬಿನ್ ಮದುಮಗನ ಹಾಗೆ ಕತ್ತು ಎತ್ತಿ ನಿಂತಿದ್ದ. ಬೂದು ಬಣ್ಣದ ಗಟ್ಟಿ ಬಟ್ಟೆ. ಹಿಂಗಾಲು ಎರಡೂ ತೂರುವಂತೆ, ಬಾಲಕ್ಕೆ ಒಂದು ಕಿಂಡಿ, ಹೊಟ್ಟೆಯವರೆಗೆ ಬರುವ ಅಚ್ಚುಕಟ್ಟಾದ ಪ್ಯಾಂಟು. ಇದೇ ಅವರ ಬೇರೆ ದಾರಿ. ಪ್ಯಾಂಟು ಹಾಕಿಕೊಂಡವನು ಏನು ತಾನೇ ಮಾಡಿಯಾನು ಅಂತ ಲೆಕ್ಕ. ನಾನು ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ, ಅವನಿಗೆ ಬಟ್ಟೆ ತೋರಿಸುತ್ತಿದ್ದಾಗ ಹಿಂದಿನಿಂದ ಕೈ ಚಾಚಿತು.

"ಕಾಜಾ."

"ಹೂಂ."

ಮಾತಾಡುತ್ತಲೇ ನಾಲ್ಕು ಕಾಜಾ ಮಾಡಿದೆ, ನಾಲ್ಕು ಗುಂಡಿ ಹಚ್ಚಿದೆ, ಲೇಬಲ್ಲು ಹಾಕಿ ಮಡಿಸಿಟ್ಟೆ.

ಆ ಪ್ಯಾಂಟು ಹಾಕಿಕೊಂಡು ಬಾಬಿನ್ ಬೀದಿಗೆ ಇಳಿದ ದಿನದ ಸಂಭ್ರಮ ಏನು ಹೇಳಲಿ. ಹೊಸದಾಗಿ ಬಡ್ತಿ ಸಿಕ್ಕ ಗುಮಾಸ್ತನಂತೆ ಹೆಜ್ಜೆ ಇಡುತ್ತಿದ್ದ. ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಎದ್ದು ಬಾಗಿಲಿಗೆ ಬಂದರು. ಶಾಲೆ ಮಕ್ಕಳು ಸಾಲಾಗಿ ಹಿಂದೆ ಹೊರಟರು. ಅಂಚೆಯವನು "ಮಾಸ್ತರೇ, ನನ್ನ ಪ್ಯಾಂಟಿಗಿಂತ ಇವನದ್ದೇ ಫಿಟ್ಟಿಂಗ್ ಚೆನ್ನಾಗಿದೆ" ಅಂತ ಮುನಿಸಿಕೊಂಡ. ನಮ್ಮವರು ಬಾಗಿಲಲ್ಲಿ ಕೈ ಕಟ್ಟಿ ನಿಂತು, ಮಗ ಪರೀಕ್ಷೆ ಪಾಸಾದವರ ಹಾಗೆ ಬೀಗುತ್ತಿದ್ದರು. ನಾನೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಐದು ದಿನ ಹೀಗೇ ಕಳೆಯಿತು. ಬಾಬಿನ್ ಎಲ್ಲೂ ಓಡಲಿಲ್ಲ. ನಮ್ಮವರು ನನ್ನ ಕಡೆ ತಿರುಗಿ, ಮಾತಿಲ್ಲದೆ, ಬರೀ ಹುಬ್ಬು ಹಾರಿಸಿದರು. ನನಗೆ ಮೈ ಉರಿಯಿತು.

ಆರನೇ ದಿನ ಮಧ್ಯಾಹ್ನ ರಸ್ತೆಯಲ್ಲಿ ಬಸ್ಸೊಂದು ಬ್ರೇಕು ಹಾಕಿದ ಸದ್ದು ಕೇಳಿತು. ಕಿರ್ರೆಂದು ಉದ್ದಕ್ಕೆ ಎಳೆದ ಸದ್ದು. ಜನ ಕೂಗಿದರು. ನಾನು ಪೆಡಲಿನ ಕೆಳಗೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿದ್ದ ಬಟ್ಟೆ ಬಿಸಾಕಿ ಎದ್ದೆ. ತಿರುಗಿ ನಿಂತ ನಮ್ಮವರ ಮುಖ ಸುಣ್ಣ ಬಳಿದಂತೆ ಆಗಿತ್ತು.

ಬಾಗಿಲಿಗೆ ಬೇಕರಿಯಾಕೆ ಬಂದಳು. ದಪ್ಪ ಹೆಂಗಸು, ಮೊಣಕೈವರೆಗೂ ಮೈದಾ, ನಕ್ಕಿದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಅವಳ ಎಡ ಕಂಕುಳಲ್ಲಿ ಬಾಬಿನ್ ಇದ್ದ. ಮೈಯೆಲ್ಲ ಮೈದಾ ಮೆತ್ತಿಕೊಂಡು ಬಿಳೀ ನಾಯಿಯಾಗಿದ್ದ. ಜೀವಂತವಾಗಿದ್ದ. ಅವಳ ಬಲಗೈಯಲ್ಲಿ ಬೂದು ಪ್ಯಾಂಟು ಜೋತಾಡುತ್ತಿತ್ತು. ಅದನ್ನು ಕೌಂಟರಿನ ಮೇಲೆ ಹಾಕಿ, ಸೊಂಟಪಟ್ಟಿ ಮಗುಚಿ ಲೇಬಲ್ಲಿನ ಮೇಲೆ ಬೆರಳಿಟ್ಟಳು.

"ಅಕ್ಕ, ಇದು ನಿಮ್ಮ ಅಂಗಡೀದೇ ತಾನೇ? ನಮ್ಮ ಕಡೆಯದಲ್ಲ ಅಂತ ಹೇಳೋ ಹಾಗಿಲ್ಲ, ಬರೆದಿದೆ."

ನಮ್ಮವರು ಮೊದಲು ಬಾಬಿನ್‌ನನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡರು. ಕೈ ಕಾಲು ಬಾಲ ಎಲ್ಲ ಸವರಿ ನೋಡಿದರು. ಆಮೇಲೆ, ಬುದ್ಧಿ ಎಲ್ಲಿ ಹೋಗುತ್ತದೆ, ಪ್ಯಾಂಟನ್ನು ಎತ್ತಿ ಬೆಳಕಿಗೆ ಹಿಡಿದರು.

"ಹೊಲಿಗೆ ಎಲ್ಲೂ ಬಿಟ್ಟಿಲ್ವಲ್ಲ" ಅಂದರು.

"ಹೊಲಿಗೆ ಯಾಕೆ ಬಿಡುತ್ತೆ ಮಾಸ್ತರೇ," ಅಂದಳು ಬೇಕರಿಯಾಕೆ. "ಮುಂದೆ ಗುಂಡಿಪಟ್ಟಿ ಇಟ್ಟಿದೀರಲ್ಲ. ನಾಲ್ಕು ಗುಂಡಿ. ನನ್ನ ಕಣ್ಣೆದುರಿಗೇ ಬಗ್ಗಿ, ಒಂದೊಂದೇ ಹಲ್ಲಲ್ಲಿ ಹಿಡಿದು ಬಿಚ್ಚಿದ."

ನಾನು ಪ್ಯಾಂಟು ನೋಡಿದೆ. ನಮ್ಮವರು ನನ್ನನ್ನು ನೋಡಿದರು. ನಾಯಿಯನ್ನು ಕಟ್ಟುನಿಟ್ಟಾಗಿ ಇಡಲು ಹೊಲಿದ ಪ್ಯಾಂಟಿಗೆ, ಹೊಟ್ಟೆಯ ಕೆಳಗೆ ಸರಿಯಾದ ಜಾಗದಲ್ಲಿ, ಗಂಡಸರ ಪ್ಯಾಂಟಿಗೆ ಇರುವಂಥದ್ದೇ ಗುಂಡಿಪಟ್ಟಿ. ನಲವತ್ತು ವರ್ಷ ಅದನ್ನೇ ಹೊಲಿದ ಕೈ, ತಾನಾಗಿ ಇಟ್ಟುಬಿಟ್ಟಿದೆ. ಮೂವತ್ತೊಂದು ವರ್ಷ ಅದಕ್ಕೇ ಕಾಜಾ ಮಾಡಿದ ಕೈ, ಕೇಳಿದ ಕೂಡಲೇ ಮಾಡಿಕೊಟ್ಟಿದೆ. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟು ಇದು ಯಾಕೆ ಅಂತ ಕೇಳಿದ್ದರೆ ಆಗುತ್ತಿತ್ತು.

"ರಸ್ಕ್?" ಅಂತ ನಾನು ಮೆಲ್ಲಗೆ ಕೇಳಿದೆ.

"ನಾಲ್ಕನೇ ಗುಂಡಿಗೆ ನಾನು ಪೊರಕೆ ತಂದೆ. ಅವಳಿಗೇನೂ ಆಗಿಲ್ಲ. ಓಡಿದ ನೋಡಿ, ಬಿಚ್ಚಿದ ಪ್ಯಾಂಟು ಕಾಲಿಗೆ ಇಳಿಯಿತು. ರಸ್ತೆ ಮಧ್ಯೆ ತೊಡರಿಕೊಂಡು ಬಿದ್ದ. ಏಳೋಕಾಗಲಿಲ್ಲ. ಬಸ್ಸಿಗೂ ಅವನಿಗೂ ಇಷ್ಟೇ ಇತ್ತು." ಅವಳು ಬೆರಳು, ಹೆಬ್ಬೆರಳು ಅಗಲಿಸಿ ತೋರಿಸಿದಳು. ಒಂದು ಗೇಣೂ ಇರಲಿಲ್ಲ. "ಡ್ರೈವರು ಒಳ್ಳೆಯವನು. ನಿಲ್ಲಿಸಿದ."

ಅವಳು ಹೋದಳು. ಬಾಗಿಲ ಹೊರಗೆ ಹೋದ ಮೇಲೆ ಅವಳ ಬೆನ್ನು ಕುಲುಕುತ್ತಿತ್ತು. ಬೇಕರಿಯಾಕೆ ನಗುವುದನ್ನು ಮೊದಲು ಕಂಡವಳು ನಾನೇ ಇರಬೇಕು.

ನಾನೂ ನಗುತ್ತಿದ್ದೆನೇನೋ. ನಮ್ಮವರ ಮುಖ ನೋಡಿ ನಗು ಬರಲಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತು, ಬಾಬಿನ್‌ನ ಮೈಯ ಮೈದಾ ಒರೆಸತೊಡಗಿದರು.

"ಕಾಪಾಡೋಕೆ ಅಂತ ಹೊಲಿದೆ. ಅದೇ ಅವನ ಕಾಲು ಕಟ್ಟಿಹಾಕ್ತು" ಅಂದರು.

"ಆಪರೇಷನ್ ಮಾಡಿಸೋಣ ರೀ."

"ಮಾಡಿಸೋಣ. ಆದ್ರೆ ನಂಗೆ ಭಯ ಕಣೇ. ಆಮೇಲೆ ಅವನು ಅವನಾಗಿ ಉಳೀತಾನಾ? ಮಂಕಾಗಿ ಒಂದು ಮೂಲೇಲಿ ಬಿದ್ಕೊಂಡ್ರೆ? ಬಾಲ ಬಡಿಯೋದು ಬಿಟ್ಟುಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ?"

ಎಷ್ಟೋ ವರ್ಷದಲ್ಲಿ ಅವರು ನನ್ನ ಹತ್ತಿರ ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಆ ಮಾತು ನನಗೆ ಚುಚ್ಚಿತು. ನಾನೂ ಇದೇ ಕೋಣೆಯಲ್ಲಿದ್ದೇನೆ, ಎರಡು ಕಿವಿ ಇವೆ, ಬಾಲ ಒಂದಿಲ್ಲ ಅಷ್ಟೇ ಅಂತ ಹೇಳಬೇಕು ಅನ್ನಿಸಿತು. ಅದನ್ನು ನುಂಗಿಕೊಂಡು, ಮೈದಾ ಒರೆಸಲು ಒದ್ದೆ ಬಟ್ಟೆ ತಂದುಕೊಟ್ಟೆ.

ಮಾರನೇ ದಿನವೇ ಹೋದೆವು. ಸ್ಟೀಲಿನ ಮೇಜು, ಮದ್ದಿನ ವಾಸನೆ, ಗೋಡೆಯ ಮೇಲೆ ಬೆಕ್ಕಿನ ಹಲ್ಲಿನ ಚಿತ್ರ. ಡಾಕ್ಟರಮ್ಮನಿಗೆ ಪ್ಯಾಂಟಿನ ಸುದ್ದಿ ಆಗಲೇ ತಲುಪಿತ್ತು. ಗಂಭೀರವಾಗಿರಲು ಬಹಳ ಪಾಡು ಪಡುತ್ತಿದ್ದಳು. ನಮ್ಮವರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ನಮ್ಮ ಗುರುತು ಸಿಗುತ್ತದೆಯೇ, ಊಟ ಮಾಡುತ್ತಾನೆಯೇ, ಬೊಗಳುತ್ತಾನೆಯೇ. ಕೊನೆಯ ಪ್ರಶ್ನೆಗೆ ದನಿ ಇಳಿಯಿತು.

"ಬಾಲ ಬಡಿಯೋದು?"

"ಮಾಸ್ತರೇ, ಬಾಲಕ್ಕೂ ಅದಕ್ಕೂ ಸಂಬಂಧ ಇಲ್ಲ" ಅಂದಳು ಡಾಕ್ಟರಮ್ಮ. ಆಮೇಲೆ ಮೆತ್ತಗೆ, "ಎರಡು ಮೂರು ದಿನ ಮಂಕಾಗಿರ್ತಾನೆ. ಹೆದರ್ಬೇಡಿ. ಸ್ವಲ್ಪ ದಿನ ಕಟ್ಟಿಹಾಕಿಯೇ ಇಟ್ಕೊಳ್ಳಿ, ಓಡೋ ಚಟ ಒಂದೇ ದಿನಕ್ಕೆ ಹೋಗಲ್ಲ" ಅಂದಳು.

ಆಪರೇಷನ್ ಮುಗಿದ ಮೇಲೆ ನಮ್ಮವರು ಕನ್ನಡಕ ಏರಿಸಿ ಹೊಲಿಗೆ ಪರೀಕ್ಷಿಸಿದರು. ಅಂತರ ಸಮನಾಗಿದೆ, ಎಳೆತ ಇಲ್ಲ ಅಂತ ಒಪ್ಪಿಕೊಂಡರು. ಡಾಕ್ಟರಮ್ಮನಿಗೆ ಪದಕ ಸಿಕ್ಕಿದಷ್ಟು ಖುಷಿಯಾಯಿತು. ನೆಕ್ಕದಂತೆ ಕತ್ತಿಗೆ ಹಾಕುವ ಪ್ಲಾಸ್ಟಿಕ್ ಗೂಡೆ ಮಾತ್ರ ಬೇಡವೆಂದು, ಮನೆಗೆ ಬಂದು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಹೊಟ್ಟೆ ಮುಚ್ಚುವ ಅಂಗಿ ಹೊಲಿದರು. ಕಟ್ಟುವುದಕ್ಕೆ ಬೆನ್ನ ಮೇಲೆ ಲಾಡಿ. ಕೈ ಹಿಂದಕ್ಕೆ ಬಂತು.

"ಕಾಜಾ ಇಲ್ಲ" ಅಂದರು.

"ನಾನೂ ನೋಡ್ತೀನಿ, ಕೊಡಿ" ಅಂದೆ. ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಗುಂಡಿಯೂ ಇರಲಿಲ್ಲ. ಲೇಬಲ್ಲು ಮಾತ್ರ ಹಾಕಿದೆ.

ಮೊದಲ ದಿನ ಬಾಬಿನ್ ನಿದ್ದೆ ಮಾಡಿದ. ಎರಡನೇ ದಿನ ಕಣ್ಣು ಬಿಟ್ಟು, ನಮ್ಮನ್ನೆಲ್ಲ ನೋಡಿ, ಮತ್ತೆ ಮುಚ್ಚಿದ. ಪೆಡಲಿನ ಪಕ್ಕ ಅವನ ಚೂರುಬಟ್ಟೆಯ ಹಾಸಿಗೆ ಹಾಕಿದ್ದೆವು. ಮೆಷಿನು ಓಡುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗ ನಮ್ಮವರ ಕತ್ತು ಕೆಳಗೆ ಬಾಗುತ್ತಿತ್ತು. ಸದ್ದಿಲ್ಲ. ಒಂದು ಕ್ಷಣ ಕಾದು ಮತ್ತೆ ತುಳಿಯುತ್ತಿದ್ದರು. ಆ ಬೆನ್ನು ಅಷ್ಟು ಸೋತದ್ದನ್ನು ನಾನು ಕಂಡಿರಲಿಲ್ಲ. ಆಪರೇಷನ್ ಮಾಡಿಸೋಣ ಅಂತ ಪಟ್ಟು ಹಿಡಿದವಳು ನಾನು. ಬಾಬಿನ್ ಹೀಗೇ ಉಳಿದರೆ ಇವರ ಮುಖ ಹೇಗೆ ನೋಡುವುದು?

ಮೂರನೇ ದಿನ ಸಂಜೆಗೆ ಮುಂಚೆ ಮೆಷಿನು ನಿಂತಿತು. ಕತ್ತು ಬಾಗಿತು. ಸದ್ದಿಲ್ಲ. ಮತ್ತೆ ತುಳಿಯುತ್ತಾರೆ ಅಂದುಕೊಂಡೆ. ಅವರು ತುಳಿಯಲಿಲ್ಲ. ಕಿಟಕಿಯ ಕಡೆಗೇ ನೋಡುತ್ತ ಹೇಳಿದರು:

"ಕೋಟಿನ ಎಡ ತೋಳು ಹೊಲಿದಾಗೆಲ್ಲ ನಮ್ಮ ಮದುವೆ ನೆನಪಾಗುತ್ತೆ."

ನಾನು ಸುತ್ತ ನೋಡಿದೆ. ಗಿರಾಕಿ ಯಾರೂ ಇರಲಿಲ್ಲ. ಬಾಬಿನ್ ಮಲಗಿದ್ದ. ಅಂದರೆ ಮಾತು ನನಗೇ.

"ಯಾಕೆ?" ಅಂದೆ.

"ಮದುವೆ ಕೋಟು ನಾನೇ ಹೊಲ್ಕೊಂಡಿದ್ದೆ. ಹಿಂದಿನ ದಿನದವರೆಗೂ ಬೇರೆಯವರ ಕೆಲಸ. ಆತುರದಲ್ಲಿ ಎಡ ತೋಳಿನ ಬಟ್ಟೆ ಒಳಮೈ ಹೊರಗೆ ಮಾಡಿ ಕೂರಿಸಿಬಿಟ್ಟಿದ್ದೆ. ಬೆಳಿಗ್ಗೆ ಹಾಕ್ಕೊಂಡಾಗ್ಲೇ ಕಂಡಿದ್ದು. ಬಿಚ್ಚಿ ಹೊಲಿಯೋಕೆ ಹೊತ್ತಿರ್ಲಿಲ್ಲ. ಟೈಲರ್ ಮದುವೆಗೆ ಟೈಲರೇ ಉಲ್ಟಾ ತೋಳು ಹಾಕ್ಕೊಂಡು ಬಂದ ಅಂದ್ರೆ ಮರ್ಯಾದೆ ಏನಾಗ್ಬೇಕು? ಅದಕ್ಕೇ ಇಡೀ ದಿನ ಎಡಗೈ ಜೇಬಲ್ಲಿ ತುರುಕಿ, ಆ ಕಡೆ ಯಾರಿಗೂ ಕಾಣದ ಹಾಗೆ ಓರೆಯಾಗಿ ನಿಂತಿದ್ದೆ."

ನಮ್ಮ ಮದುವೆ ಫೋಟೋ ಕೌಂಟರಿನ ಮೇಲಿನ ಗೋಡೆಯಲ್ಲೇ ತೂಗುತ್ತಿದೆ. ಹತ್ತು ಜನರ ನಡುವೆ ಇವರು ಒಬ್ಬರೇ ಎಡಗೈ ಜೇಬಿನಲ್ಲಿಟ್ಟು, ಭುಜ ಓರೆ ಮಾಡಿ, ಸಿನಿಮಾ ನಟನ ಹಾಗೆ ನಿಂತಿದ್ದಾರೆ. ನಾನು ಮೂವತ್ತೊಂದು ವರ್ಷದಿಂದ ಅದನ್ನು ನೋಡಿ, ಎಂಥ ಜಂಬ ಈ ಮನುಷ್ಯನಿಗೆ, ಹೆಂಡತಿ ಪಕ್ಕದಲ್ಲಿ ನಿಂತಿದ್ದರೂ ಕೈ ಹಿಡಿಯುವ ಮನಸ್ಸಿಲ್ಲ ಅಂತ ಒಳಗೊಳಗೇ ಮುನಿಸಿಕೊಂಡಿದ್ದೆ. ಒಂದು ಸಲವೂ ಕೇಳಿರಲಿಲ್ಲ. ಅವರು ಒಂದು ಸಲವೂ ಹೇಳಿರಲಿಲ್ಲ.

ನಗು ಬಂತು ನೋಡಿ. ಮೊದಲು ಮುಸಿಮುಸಿ, ಆಮೇಲೆ ತಡೆಯಲಾಗದೆ. ಸೂಜಿ ಬೆರಳಿಗೆ ಚುಚ್ಚಿತು, ಕಣ್ಣಲ್ಲಿ ನೀರು ಬಂತು, ಆ ನೀರು ಯಾವುದಕ್ಕೆ ಅಂತ ಕೇಳಬೇಡಿ. ಅವರೂ ತಿರುಗಿ ನನ್ನನ್ನು ನೋಡಿ ನಗತೊಡಗಿದರು. ಒಳಗಿನಿಂದ ಅತ್ತೆ "ಏನಾಯ್ತೇ, ನಂಗೂ ಹೇಳ್ರೇ" ಅಂತ ಕೂಗುತ್ತಿದ್ದರು.

ನಗು ಇಳಿದು ಒಂದು ಕ್ಷಣ ಕೋಣೆ ಸುಮ್ಮನಾಯಿತು.

ಟಪ್.

ಇಬ್ಬರೂ ಕೆಳಗೆ ನೋಡಿದೆವು. ಬಾಬಿನ್ ಗದ್ದ ಊರಿಕೊಂಡು, ಕಣ್ಣು ಮಾತ್ರ ಮೇಲೆತ್ತಿ, ಮುಂದೇನಾಯಿತು ಅಂತ ಕೇಳುತ್ತಿದ್ದ.

ನಮ್ಮವರು ನೆಲಕ್ಕೆ ಕುಸಿದು ಅವನ ತಲೆಯನ್ನು ತೊಡೆಗೆ ಎಳೆದುಕೊಂಡರು. "ನೀನೇ ಕಣೋ, ನೀನೇ" ಅಂದರು. ನನಗೆ ಎದೆ ಮೇಲಿನ ಕಲ್ಲು ಇಳಿದಂತಾಯಿತು. ಸುಳ್ಳು ಯಾಕೆ ಹೇಳಲಿ, ಅದರ ಹಿಂದೆಯೇ ಒಂದು ಸಣ್ಣ ಬೇಜಾರೂ ಬಂತು. ಇನ್ನು ನಾಳೆಯಿಂದ ಮಾತೆಲ್ಲ ಮತ್ತೆ ಪೆಡಲಿನ ಕೆಳಗೇ ಹೋಗುತ್ತದೆ, ನನಗೆ ಬೆನ್ನು ಮಾತ್ರ ಅಂದುಕೊಂಡೆ.

ಮರುದಿನ ಅತ್ತೆಗೆ ತಿಂಡಿ ಕೊಟ್ಟು ಅಂಗಡಿಗೆ ಬರುವಾಗ ಸ್ವಲ್ಪ ತಡವಾಯಿತು. ಒಳಗೆ ಕಾಲಿಟ್ಟರೆ ನಮ್ಮವರು ಬೆವರು ಸುರಿಸುತ್ತ ಮೆಷಿನನ್ನು ತಳ್ಳುತ್ತಿದ್ದಾರೆ. ಕಿಟಕಿಗೆ ಬೆನ್ನು ಮಾಡಿ, ನನ್ನ ಕೌಂಟರಿಗೆ ಎದುರಾಗಿ ಅದನ್ನು ಕೂರಿಸಿದರು. ಮೂವತ್ತೊಂದು ವರ್ಷ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುಳಿ ಉಳಿದಿದ್ದವು.

"ಬೆಳಕು ಹಿಂದಿನಿಂದ ಬಂದ್ರೆ ಒಳ್ಳೇದು" ಅಂದರು, ನನ್ನನ್ನು ನೋಡದೆ.

"ಬೆಳಕಿಗಾ?"

ಸ್ವಲ್ಪ ಹೊತ್ತು ಸೂಜಿಗೆ ದಾರ ಪೋಣಿಸುವ ನೆಪ ಮಾಡಿದರು. ಆಮೇಲೆ ತಲೆ ಎತ್ತಿ ನೇರವಾಗಿ ನೋಡಿದರು.

"ಇನ್ನೂ ಹೇಳೋದು ಬೇಕಾದಷ್ಟಿದೆ ಕಣೇ" ಅಂದರು.

ಬಾಬಿನ್ ಈಗ ರಸ್ತೆ ದಾಟುವುದಿಲ್ಲ. ಬೇಕರಿಯಾಕೆ ರಸ್ಕ್‌ಗೂ ಆಪರೇಷನ್ ಮಾಡಿಸಿದಳು. ಇಬ್ಬರೂ ಆಚೆ ಈಚೆ ಬಾಗಿಲಲ್ಲಿ ಕುಳಿತು ಹಳೇ ಪರಿಚಯದವರ ಹಾಗೆ ನೋಡಿಕೊಳ್ಳುತ್ತಾರೆ. ಬೂದು ಪ್ಯಾಂಟನ್ನು ಮದುವೆ ಫೋಟೋದ ಪಕ್ಕ ಮೊಳೆಗೆ ನೇತುಹಾಕಿದ್ದೇವೆ, ಬಂದವರೆಲ್ಲ ಕೇಳುತ್ತಾರೆ, ನಮ್ಮವರೇ ಕಥೆ ಹೇಳುತ್ತಾರೆ. ಅವರ ಮಾತು ಮುಗಿದಾಗ ಕೆಳಗೆ ಟಪ್ ಅನ್ನುತ್ತದೆ. ನನ್ನ ಮಾತು ಮುಗಿದಾಗಲೂ ಅನ್ನುತ್ತದೆ.